ನೂರ ಎಂಬತ್ತರಲ್ಲಿ ಒಂಬತ್ತು ನಿಮಿಷ

ಬಾಗಿಲು ತೆರೆದವನ ಮೂಗಿಗೆ ಈಜುವವರು ಹಾಕಿಕೊಳ್ಳುವ ನೀಲಿ ಕ್ಲಿಪ್ ಇತ್ತು. ಕೈಯಲ್ಲಿ ಉದ್ದನೆಯ ಇಕ್ಕಳ. ಇಕ್ಕಳದ ತುದಿಯಲ್ಲಿ, ಒಂದು ಕಾಲಕ್ಕೆ ಸಾಲ್ಮನ್ ಆಗಿದ್ದಿರಬಹುದಾದ ಕಂದು ಬಣ್ಣದ ತುಂಡು.

"ಕಂಪನಿಯವರಾ?" ಎಂದ. ಕ್ಲಿಪ್ಪಿನ ದೆಸೆಯಿಂದ ದನಿ ನೆಗಡಿಯಾದವನ ಹಾಗಿತ್ತು. "ನಿಮ್ಮ ಮಷಿನ್ ಮೀನನ್ನ ರಬ್ಬರ್ ಮಾಡ್ತದೆ, ನೋಡಿ."

ನಾನು ಥಾಣೆಯಿಂದ ಘಣಸೋಲಿಯವರೆಗೆ ನಿಂತುಕೊಂಡೇ ಬಂದಿದ್ದೆ. ಅದೂ ಶನಿವಾರ. ಅಡುಗೆ ಉಪಕರಣದ ಒಂದು ಕಂಪನಿಯ ಪರವಾಗಿ ಮನೆಮನೆಗೆ ಹೋಗಿ ಏರ್ ಫ್ರೈಯರ್ ಡೆಮೊ ಕೊಡುವುದು ನನ್ನ ಕೆಲಸ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈ ಎಲ್ಲ ನನ್ನ ತಲೆಗೇ ಕಟ್ಟಿದ್ದಾರೆ. ಕನ್ನಡದ ಹೆಸರು ಕಂಡರಂತೂ ಮುಗಿಯಿತು, "ಸಂಜನಾ, ನಿಮ್ಮವರು" ಎಂದು ಆ ದೂರಿನ ಟಿಕೆಟ್ ನನ್ನ ಫೋನಿಗೆ ಬಂದು ಬೀಳುತ್ತದೆ. ಐದು ವರ್ಷದಲ್ಲಿ ಏನೆಲ್ಲ ನೋಡಿದ್ದೇನೆ. ಬುಟ್ಟಿಗೆ ಒಂದು ಲೀಟರ್ ಎಣ್ಣೆ ಸುರಿದವರನ್ನು ನೋಡಿದ್ದೇನೆ, ಒದ್ದೆ ಕಾಲುಚೀಲ ಒಣಗಿಸಿದವರನ್ನು ನೋಡಿದ್ದೇನೆ. ಮೂಗಿಗೆ ಕ್ಲಿಪ್ ಹಾಕಿ ಅಡುಗೆಗೆ ನಿಂತವನನ್ನು ನೋಡಿದ್ದು ಅದೇ ಮೊದಲು.

"ಎಷ್ಟು ಡಿಗ್ರಿ ಇಟ್ಟಿದ್ರಿ?"

"ಇನ್ನೂರು."

"ಎಷ್ಟು ಹೊತ್ತು?"

"ಇಪ್ಪತ್ತೆಂಟು ನಿಮಿಷ."

ನಾನು ಬ್ಯಾಗ್ ಕೆಳಗಿಟ್ಟೆ. "ಇಪ್ಪತ್ತೆಂಟು ಯಾಕೆ?"

"ಇಪ್ಪತ್ತೈದಕ್ಕೆ ಬೆಂದಿದೆಯೋ ಇಲ್ವೋ ಅಂತ ಡೌಟ್ ಬಂತು."

"ಒಂದು ಚೂರು ರುಚಿ ನೋಡಿದ್ರೆ ಗೊತ್ತಾಗ್ತಿತ್ತು."

"ನಾನು ತಿನ್ನೂದಿಲ್ಲ," ಎಂದ, ಪ್ರಪಂಚದಲ್ಲಿ ಇದಕ್ಕಿಂತ ಸಹಜವಾದದ್ದು ಬೇರೆ ಇಲ್ಲವೆಂಬಂತೆ.

ಹೆಸರು ಸುಮುಖ ಉಪಾಧ್ಯ. ಊರು ಉಡುಪಿ ಕಡೆ, ಹುಟ್ಟಿದ್ದು ಡೊಂಬಿವಲಿಯಲ್ಲಿ. ತಂದೆ ಪುಂಡರೀಕಾಕ್ಷ ಉಪಾಧ್ಯರದ್ದು ಡೊಂಬಿವಲಿ ಸ್ಟೇಷನ್ನಿನ ಬಳಿ ಸಸ್ಯಾಹಾರಿ ಹೋಟೆಲ್. ಇವನು ಬೇಲಾಪುರದ ಒಂದು ಕಚೇರಿಯಲ್ಲಿ ಕಟ್ಟಡದ ನಕ್ಷೆಗಳನ್ನು ಪರಿಶೀಲಿಸುವವನು. ಓಡಾಟಕ್ಕೆ ಹತ್ತಿರವಾಗಲೆಂದು ಘಣಸೋಲಿಯಲ್ಲಿ ಒಂದು ಬೆಡ್‌ರೂಮಿನ ಬಾಡಿಗೆ ಫ್ಲ್ಯಾಟ್. ಇಷ್ಟನ್ನೂ ನಾನು ಕೇಳಿರಲಿಲ್ಲ, ಅವನೇ ಹೇಳಿದ.

"ನಮ್ಮ ಅಡುಗೆಮನೆಯಲ್ಲಿ ಯಾರೂ ರುಚಿ ನೋಡೂದಿಲ್ಲ," ಎಂದು ವಿವರಿಸಿದ. "ನೈವೇದ್ಯ ಆಗದೆ ನಾಲಿಗೆಗೆ ತಾಗಿಸ್ಲಿಕ್ಕೆ ಇಲ್ಲ. ಎಲ್ಲ ವಾಸನೆಯಲ್ಲೇ. ಸಾಂಬಾರಿನ ಹಬೆ ಮೂಗಿಗೆ ಬಡಿದ್ರೆ ಸಾಕು, ಅಮ್ಮ ಉಪ್ಪು ಕಮ್ಮಿ ಅಂತ ಹೇಳ್ತಾರೆ. ನನಗೂ ಸ್ವಲ್ಪ ಬರ್ತದೆ."

"ಹಾಗಾದ್ರೆ ಮೀನಿನ ವಾಸನೆ ನೋಡಿ ಹೇಳ್ಬಹುದಲ್ಲ, ಬೆಂದಿದೆಯಾ ಅಂತ."

"ಮೀನಿನ ವಾಸನೆ ನನಗೆ ಆಗೂದಿಲ್ಲ. ಅದಕ್ಕೇ ಕ್ಲಿಪ್."

ಅಂದರೆ ಈ ಮನುಷ್ಯನಿಗೆ ಅಡುಗೆಯ ಹದ ಅಳೆಯಲು ಇದ್ದದ್ದು ಒಂದೇ ಒಂದು ಸಾಧನ. ಅದನ್ನು ಅವನು ಭದ್ರವಾಗಿ ಮುಚ್ಚಿಕೊಂಡು ಒಲೆಯ ಮುಂದೆ ನಿಂತಿದ್ದ. ನಾನು ಹಣೆ ಹಣೆ ಚಚ್ಚಿಕೊಳ್ಳದೆ ಇದ್ದದ್ದು ಕಂಪನಿಯ ಟೀಶರ್ಟ್ ಹಾಕಿಕೊಂಡಿದ್ದೆ ಎಂಬ ಕಾರಣಕ್ಕೆ ಮಾತ್ರ.

"ತೆಗೀರಿ ಅದನ್ನ," ಎಂದೆ.

ತೆಗೆದ. ಮೂಗಿನ ಎರಡೂ ಬದಿ ಕೆಂಪು ಗುರುತು, ಕಣ್ಣಲ್ಲಿ ನೀರು. ಆ ನೀರಿನ ಹಿಂದಿನಿಂದ ನನ್ನನ್ನು ನೋಡಿ ನಕ್ಕ. ತಪ್ಪು ಮಾಡಿ ಸಿಕ್ಕಿಬಿದ್ದರೂ ಬೈಸಿಕೊಳ್ಳುವುದಿಲ್ಲ ಎಂದು ಖಾತ್ರಿ ಇರುವವರ ನಗು ಅದು. ನನಗೆ ಅಂಥವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಅಂದೂ ಉರಿಯಿತು, ಆದರೆ ಎಂದಿನ ಹಾಗಲ್ಲ.

ಫ್ರಿಜ್ಜಿನಿಂದ ಇನ್ನೊಂದು ಫಿಲೆಟ್ ತೆಗೆಸಿದೆ. ಅದು ನೀರಿನಲ್ಲಿ ನೆನೆದು ಬಿಳಚಿಕೊಂಡಿತ್ತು.

"ಇದನ್ನ ತೊಳೆದ್ರಾ?"

"ಏಳು ಸಲ. ಉದ್ದಿನಬೇಳೆ ತೊಳೆದ ಹಾಗೆ, ನೀರು ತಿಳಿಯಾಗುವವರೆಗೆ."

ನಾನು ಕಾಗದದ ಟವೆಲ್ ತೆಗೆದುಕೊಂಡು ಆ ಬಡಪಾಯಿ ತುಂಡನ್ನು ಒತ್ತಿ ಒತ್ತಿ ಒಣಗಿಸಿದೆ. ಒಂದು ಚಮಚ ಎಣ್ಣೆ, ಉಪ್ಪು, ಕುಟ್ಟಿದ ಕರಿಮೆಣಸು, ಸ್ವಲ್ಪ ಬೆಳ್ಳುಳ್ಳಿ. ಚರ್ಮ ಕೆಳಗೆ. ನೂರ ಎಂಬತ್ತು ಡಿಗ್ರಿ, ಒಂಬತ್ತು ನಿಮಿಷ. ತೆಗೆದ ಮೇಲೆ ಎರಡು ನಿಮಿಷ ಮುಟ್ಟದೆ ಬಿಡಬೇಕು. ಆಮೇಲೆ ಫೋರ್ಕ್ ಆಡಿಸಿದರೆ ಪದರ ಪದರವಾಗಿ ಬಿಡಿಸಿಕೊಳ್ಳಬೇಕು. ನಿಂಬೆಹುಳಿ ಕೊನೆಗೆ, ಮೊದಲೇ ಅಲ್ಲ. ಅವನು ನಕ್ಷೆ ತೆಗೆಯುವ ಪೆನ್ಸಿಲ್ ಹಿಡಿದು ಪ್ರತಿಯೊಂದನ್ನೂ ಬರೆದುಕೊಂಡ. ಬರೆಯುವಾಗ ನಾಲಿಗೆಯ ತುದಿ ತುಟಿಯ ಮೂಲೆಯಲ್ಲಿ ಕಾಣುತ್ತಿತ್ತು.

"ರುಚಿ ನೀವೇ ನೋಡ್ಬೇಕು," ಎಂದ. "ನನಗೆ ಬೇರೆ ಯಾರಿದ್ದಾರೆ?"

ನೋಡಿದೆ. ಏಳು ಸಲ ತೊಳೆದದ್ದಕ್ಕೂ ಪರವಾಗಿಲ್ಲ ಎನ್ನುವಂತಿತ್ತು. ಅವನು ನನ್ನ ಬಾಯನ್ನೇ ನೋಡುತ್ತಿದ್ದ, ಪರೀಕ್ಷೆಯ ಫಲಿತಾಂಶ ಅಲ್ಲಿ ಬರೆದಿದೆ ಎಂಬಂತೆ. ನನಗೆ ಅಗಿಯುವುದೇ ಕಷ್ಟವಾಯಿತು.

"ಯಾರಿಗೆ ಮಾಡ್ಲಿಕ್ಕೆ ಇಷ್ಟು ಒದ್ದಾಟ?" ಎಂದೆ.

"ಒಬ್ಬರಿಗೆ," ಎಂದ. "ಅವರಿಗೆ ಎಣ್ಣೆಯಲ್ಲಿ ಕರಿದದ್ದು ಇಷ್ಟ ಇಲ್ಲ. ಆರೋಗ್ಯದ ವಿಷಯದಲ್ಲಿ ಬಹಳ ಸ್ಟ್ರಿಕ್ಟ್." ಅವನ ಕಿವಿ ಕೆಂಪಾಗಿತ್ತು.

ಆಯಿತು, ಹುಡುಗಿ. ನನಗೇನು.

*

ಮುಂದಿನ ಶನಿವಾರ ಅದೇ ವಿಳಾಸದಿಂದ ಮತ್ತೆ ದೂರು. ಗಾಳಿ ಸಾಲದು ಎಂದು. ಹೋಗಿ ನೋಡಿದರೆ ಗಾಳಿಗೆ ಏನೂ ಆಗಿರಲಿಲ್ಲ, ಮೀನೇ ಬೇರೆ. ಮಾರುಕಟ್ಟೆಯವನು ಸಾಲ್ಮನ್ ಎಂದು ಹೇಳಿ ಇಲ್ಲಿಯ ಸಮುದ್ರದ ರಾವಸ್ ಮೀನು ಕೊಟ್ಟು ಕಳಿಸಿದ್ದ.

"ಬಣ್ಣ ನೋಡಿದ್ರೆ ಗೊತ್ತಾಗೂದಿಲ್ವಾ?"

"ನೀವು ಸುವರ್ಣಗಡ್ಡೆಯಲ್ಲಿ ನೆಲ್ಲೂರು ಯಾವುದು, ಊರಿಂದು ಯಾವುದು ಹೇಳ್ತೀರಾ?"

ಹೇಳಲು ಬರುವುದಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಅದಕ್ಕೂ ಸಿಟ್ಟು ಬಂತು.

ಮೂರನೆಯ ಶನಿವಾರದ ದೂರು: ಬಟನ್ ಒತ್ತಿದರೆ ಶಬ್ದ ಜಾಸ್ತಿ. ಅಂದು ನಾನು ಕಂಪನಿಯ ಟೀಶರ್ಟಿನ ಬದಲು ನವಿಲು ಬಣ್ಣದ ಕುರ್ತಾ ಹಾಕಿಕೊಂಡು ಹೊರಟಿದ್ದೆ. ವಾಗ್ಳೆ ಎಸ್ಟೇಟಿನ ನಮ್ಮ ಮನೆಯ ಬಾಗಿಲಲ್ಲಿ ಅಮ್ಮ, ಅಂದರೆ ವಸಂತಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಡೆಮೊ ಮೀನಿಗಾ, ಮನುಷ್ಯನಿಗಾ?" ಎಂದು ಕೇಳಿದರು. ಅಮ್ಮ ಮಲ್ಪೆಯವರು. ಅವರ ಲೆಕ್ಕದಲ್ಲಿ ಸಾಲ್ಮನ್ ಮೀನೇ ಅಲ್ಲ, ಫ್ರಿಜ್ಜಿನಲ್ಲಿ ಬೆಳೆಯುವ ವಸ್ತು.

ರೈಲಿನಲ್ಲಿ ನನ್ನನ್ನೇ ಬೈದುಕೊಂಡೆ. ಯಾವಳಿಗೋ ಬಡಿಸುವ ಊಟಕ್ಕೆ ನಾನು ಉಪ್ಪು ನೋಡಿ ಬರುವುದು, ಅದಕ್ಕೆ ಕುರ್ತಾ ಬೇರೆ. ಅವನು ಅಂದು ಒಂಬತ್ತು ನಿಮಿಷ ಸರಿಯಾಗಿ ಇಟ್ಟಿದ್ದ. ಕ್ಲಿಪ್ ಇರಲಿಲ್ಲ. ಏಳನೆಯ ನಿಮಿಷಕ್ಕೆ ಮೂಗರಳಿಸಿ, "ಈಗ ವಾಸನೆ ಬದಲಾಯ್ತು, ಅಲ್ವಾ? ಹಸಿ ಹೋಯ್ತು," ಎಂದ. ನಿಜ, ಆ ಕ್ಷಣಕ್ಕೇ ಬದಲಾಗಿತ್ತು. ಹುಟ್ಟಿದಾಗಿನಿಂದ ಮೀನು ತಿಂದ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

"ನಿಮಗೆ ಈ ವಾಸನೆ ಆಗೂದಿಲ್ಲ ಅಂತಿದ್ರಿ."

"ಆಗೂದಿಲ್ಲ. ಆದ್ರೆ ಮಾಡ್ಬೇಕಲ್ಲ."

ಎಷ್ಟು ಪುಣ್ಯ ಮಾಡಿರಬೇಕು ಆ ಹುಡುಗಿ, ಎಂದುಕೊಂಡೆ. ಅವಳ ಮೇಲೆ ನನಗೆ ತಡೆಯಲಾಗದ ಸಿಟ್ಟು ಬಂತು.

ನಾಲ್ಕನೆಯ ಶನಿವಾರ ನನ್ನ ತಾಳ್ಮೆ ಮುಗಿಯಿತು. ಒಂದೇ ಮಷಿನ್ನಿನ ಮೇಲೆ ನಾಲ್ಕು ದೂರು ಬಂದರೆ ತಪ್ಪು ಮಷಿನ್ನಿನದಲ್ಲ, ಡೆಮೊ ಕೊಟ್ಟವಳದ್ದು ಎಂದು ಆಫೀಸಿನಲ್ಲಿ ಗಣಿಸುತ್ತಾರೆ. ಹಿಂದಿನ ದಿನ ಮ್ಯಾನೇಜರ್ ಕರೆದು ಒಳ್ಳೆಯ ಮಾತಿನಲ್ಲೇ ಕೇಳಿದ್ದರು.

"ನೋಡಿ," ಎಂದೆ ಬಾಗಿಲಲ್ಲೇ ನಿಂತು, "ನಿಮ್ಮ ಮೀನು ಸರಿಯಾಗ್ತಿದೆ. ಮಷಿನ್ ಸರಿ ಇದೆ. ಕರೀರಿ ಅವರನ್ನ, ಬಡಿಸಿ, ಮುಗಿಸಿ. ನೀವು ಪ್ರೀತಿ ಮಾಡೋದಕ್ಕೆ ನನ್ನ ಕೆಲಸಕ್ಕೆ ಯಾಕೆ ಕಲ್ಲು ಹಾಕ್ತೀರಿ?"

ಅವನ ಮುಖ ಬಿಳಿಚಿತು. "ನಿಮ್ಮ ಕೆಲಸಕ್ಕೆ ತೊಂದ್ರೆ ಆಗ್ತದೆ ಅಂತ ಗೊತ್ತಿರ್ಲಿಲ್ಲ. ನಾನು ಇವತ್ತೇ ಫೋನ್ ಮಾಡಿ ಎಲ್ಲ ವಾಪಸ್ ತೆಗೀತೇನೆ."

"ತೆಗೀರಿ. ಮತ್ತೆ ಅವರನ್ನ ಕರೀರಿ."

"ಕರೆದಿದ್ದೇನೆ. ನಾಲ್ಕು ವಾರದಿಂದ ಬರ್ತಿದ್ದಾರೆ. ಬಾಗಿಲಲ್ಲೇ ನಿಂತು ಬೈತಿದ್ದಾರೆ."

ನನಗೆ ಅರ್ಥವಾಗಲು ಬೇಕಾದಷ್ಟು ಹೊತ್ತು ಹಿಡಿಯಿತು. ಲಿಫ್ಟಿನಿಂದ ಇಳಿದ ಪಕ್ಕದ ಮನೆಯ ಮರಾಠಿ ಮಾವ್ಶಿ ನಮ್ಮಿಬ್ಬರನ್ನೂ ನೋಡಿ, ಬೀಗ ತೆಗೆದು, ಒಳಗೆ ಹೋಗಿ, ಮತ್ತೆ ಕಸ ಇಡುವ ನೆಪದಲ್ಲಿ ಹೊರಗೆ ಬಂದರು.

"ನನ್ನನ್ನ ನೀವು ಎಲ್ಲಿ ನೋಡಿದ್ದು?" ಎಂದೆ.

"ಡೊಂಬಿವಲಿಯಲ್ಲಿ. ಈ ಮಷಿನ್ ಅಮ್ಮನದ್ದು. ಅಪ್ಪನಿಗೆ ಎಣ್ಣೆ ಕಮ್ಮಿ ಮಾಡಿ ಅಂದಿದ್ರು ಡಾಕ್ಟರ್. ಅಮ್ಮ ಇದ್ರಲ್ಲಿ ಗೋಳಿಬಜೆ ಮಾಡ್ಲಿಕ್ಕೆ ಹೋಗಿ ಹಿಟ್ಟೆಲ್ಲ ಬುಟ್ಟಿಯ ತೂತಿನಿಂದ ಕೆಳಗೆ ಸೋರಿತು. ನೀವು ಬಂದು ಕ್ಲೀನ್ ಮಾಡಿದ್ರಿ."

ನೆನಪಾಯಿತು. ಗೋಳಿಬಜೆಯೂ ನೆನಪಾಯಿತು, ಅದಕ್ಕಿಂತ ಹೆಚ್ಚಾಗಿ ಕಾಫಿ ನೆನಪಾಯಿತು. ಊರು ಯಾವುದು, ಯಾವ ಪೈಕಿ ಎಂದು ಆ ಅಮ್ಮ ಕೇಳಿದ್ದರು. ಮಲ್ಪೆ, ಮೀನು ಹಿಡಿಯುವ ಮೊಗವೀರರು ಎಂದಿದ್ದೆ. ಮನೆಯವರಿಗೆಲ್ಲ ಸ್ಟೀಲಿನ ಲೋಟದಲ್ಲಿ ಬಂದ ಕಾಫಿ ನನಗೆ ಮಾತ್ರ ಹೋಟೆಲ್ಲಿನ ಪಾರ್ಸೆಲ್ ಕಪ್ಪಿನಲ್ಲಿ ಬಂದಿತ್ತು. ಕುಡಿದು ಎದ್ದುಬಂದಿದ್ದೆ. ಇಂಥದ್ದು ನನಗೆ ಹೊಸತಲ್ಲ, ಆದರೂ ಅಂದು ರೈಲಿನಲ್ಲಿ ಕಿಟಕಿಯ ಹೊರಗೇ ನೋಡುತ್ತ ಬಂದಿದ್ದೆ.

"ಇದ್ರಲ್ಲಿ ಮೀನೂ ಮಾಡ್ತಾರಾ ಅಂತ ಅಮ್ಮ ಕೇಳಿದ್ರು," ಎಂದ ಸುಮುಖ. "ನೀವು ಹೇಳಿದ್ರಿ, ವಾರಕ್ಕೆ ಎರಡು ಮನೆಯಲ್ಲಿ ಸಾಲ್ಮನ್ ಮಾಡ್ತೇನೆ, ತಿನ್ನುವವರು ಅವರು, ನನಗೆ ಪರಿಮಳ ಮಾತ್ರ ಅಂತ. ನಾನು ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ದೆ. ನಿಮ್ಮ ಕೈಗೆ ಯಾವ ಕಪ್ ಬಂತು ಅಂತ ನೋಡಿದೆ. ಬಾಯಿ ಬಿಡ್ಲಿಲ್ಲ. ಆಮೇಲೆ ಮಷಿನ್ ನನಗೆ ಕೊಡಿ ಅಂತ ಕೇಳಿ ತಂದೆ."

"ಅದಕ್ಕೆ ಪ್ರಾಯಶ್ಚಿತ್ತನಾ ಇದು?"

"ಮೊದಲನೇ ವಾರ ಹೌದು," ಎಂದ. "ಎರಡನೇ ವಾರದಿಂದ ಅಲ್ಲ."

ನನಗೆ ಸಂತೋಷವಾಗಿತ್ತು. ನಾಲ್ಕು ವಾರ ನನ್ನನ್ನು ನನ್ನ ಮೇಲೆಯೇ ಹೊಟ್ಟೆಕಿಚ್ಚು ಪಡುವಂತೆ ಮಾಡಿದ್ದಕ್ಕೆ ಅವನ ಕುತ್ತಿಗೆ ಹಿಸುಕಬೇಕು ಎಂದೂ ಅನ್ನಿಸಿತು. ಎರಡೂ ಒಟ್ಟಿಗೆ. ಒಳಗೆ ಹೋಗಿ ತಟ್ಟೆ ತೆಗೆದುಕೊಂಡು ಕುಳಿತೆ. "ಹಾಕಿ," ಎಂದೆ.

*

ಆಮೇಲಿನ ಎರಡು ತಿಂಗಳು ನನ್ನ ಜೀವನದ ಅತ್ಯಂತ ಒಳ್ಳೆಯ ಎರಡು ತಿಂಗಳು. ಅದನ್ನು ಅವನಿಗೆ ಹೇಳಿದರೆ ತಲೆಗೇರುತ್ತದೆ ಎಂದು ಹೇಳಲಿಲ್ಲ. ಅವನು ನನಗೆ ಮೀನು ಬೇಯಿಸುತ್ತಿದ್ದ, ತನಗೆ ಬೇರೆ ಪಾತ್ರೆಯಲ್ಲಿ ಸಾರು-ಅನ್ನ ಮಾಡಿಕೊಳ್ಳುತ್ತಿದ್ದ, ಒಂದೇ ಮೇಜಿನಲ್ಲಿ ಎದುರುಬದುರು ಕುಳಿತು ಉಣ್ಣುತ್ತಿದ್ದೆವು. ಅವರ ತುಳು ಬೇರೆ, ನಮ್ಮ ತುಳು ಬೇರೆ. ಹಾಗಾಗಿ ಜಗಳವೆಲ್ಲ ಕನ್ನಡದಲ್ಲೇ ನಡೆಯುತ್ತಿತ್ತು. ಥಾಣೆಯ ತಲಾವ್ ಪಾಳಿಯಲ್ಲಿ ಕೆರೆಯ ಸುತ್ತ ನಡೆಯುವಾಗ ಅವನು ನನ್ನ ಕಿರುಬೆರಳು ಹಿಡಿಯುತ್ತಿದ್ದ, ಇಡೀ ಕೈ ಹಿಡಿಯಲು ಧೈರ್ಯವಿಲ್ಲದವನ ಹಾಗೆ.

ಧೈರ್ಯ. ಕಷ್ಟವೆಲ್ಲ ಅಲ್ಲೇ ಇತ್ತು.

ನಾನು ಕೇಳಿದ್ದು ಒಂದೇ. ನಾನು ಯಾರು, ಏನು ತಿನ್ನುವವಳು, ಅವನಿಗೆ ಏನಾಗಬೇಕು ಎಂಬುದು ಅವನ ಮನೆಯವರೆದುರು ಅವನ ಬಾಯಿಂದಲೇ ಬರಬೇಕು. ಅವರು ಒಪ್ಪದಿದ್ದರೆ ಜಗಳವಾಡೋಣ, ಕಾಯೋಣ. ಆದರೆ ಬಚ್ಚಿಟ್ಟ ಹೆಂಡತಿಯಾಗಿ ನಾನು ಬದುಕುವುದಿಲ್ಲ. ಹೇಳುತ್ತೇನೆ ಎಂದ. ಒಂದು ವಾರ ಅಪ್ಪನ ಬಿಪಿ ಜಾಸ್ತಿಯಾಯಿತು. ಇನ್ನೊಂದು ವಾರ ಹೋಟೆಲ್ಲಿಗೆ ಹೊಸ ಗ್ರೈಂಡರ್ ಬಂತು. ಮೂರನೆಯ ವಾರ ಏಕಾದಶಿ.

"ಏಕಾದಶಿಯ ದಿನ ಮೀನಿನ ವಿಷಯ ಹೇಗೆ ಎತ್ತಲಿ, ಮಾರಾಯ್ತಿ?"

"ದ್ವಾದಶಿಗೆ ಎತ್ತು."

ದ್ವಾದಶಿಯೂ ಹೋಯಿತು.

ಆ ಮಂಗಳವಾರ ಅವನಿಗೆ ರಜೆ. ಬೆಳಗ್ಗೆ ಹನ್ನೊಂದೂವರೆಗೆ ಸಾಲ್ಮನ್ ಬುಟ್ಟಿಗಿಟ್ಟು ಬಟನ್ ಒತ್ತಿದ್ದ. ನಾನು ಸೌತೆಕಾಯಿ ಹೆಚ್ಚುತ್ತಿದ್ದೆ. ಬಾಗಿಲ ಗಂಟೆ ಮೊಳಗಿತು. ಬಾಗಿಲ ತೂತಿನಲ್ಲಿ ನೋಡಿದವನು ಹಿಂದಕ್ಕೆ ತಿರುಗಿದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಮ್ಮ," ಎಂದ.

"ಒಳ್ಳೇದಾಯ್ತು," ಎಂದೆ. "ಬಾಗಿಲು ತೆಗಿ."

ಶ್ರೀಮತಿಯಮ್ಮ ಕೈಯಲ್ಲಿ ಪತ್ರೊಡೆಯ ಡಬ್ಬಿ ಹಿಡಿದು ನಿಂತಿದ್ದರು. ಒಳಗೆ ಒಂದು ಹೆಜ್ಜೆ ಇಟ್ಟರು. ಚಪ್ಪಲಿ ಬಿಡುತ್ತಿದ್ದವರು ಹಾಗೆಯೇ ನಿಂತರು. ಮೂಗಿನ ಹೊಳ್ಳೆ ಸ್ವಲ್ಪ ಅರಳಿತು. ಆಮೇಲೆ ನನ್ನನ್ನು ನೋಡಿದರು, ಚಾಕುವನ್ನು ನೋಡಿದರು, ಮೇಜಿನ ಮೇಲಿನ ಎರಡು ತಟ್ಟೆಗಳನ್ನು ನೋಡಿದರು.

"ಇವರು ಯಾರು?"

ಅಂದು ಪಾರ್ಸೆಲ್ ಕಪ್ಪಿನಲ್ಲಿ ಕಾಫಿ ಕುಡಿದವಳ ಗುರುತು ಅವರಿಗೆ ಸಿಗಲಿಲ್ಲವೋ, ಸಿಕ್ಕಿಯೂ ಕೇಳಿದರೋ ತಿಳಿಯಲಿಲ್ಲ. ನಾನು ಸುಮುಖನನ್ನು ನೋಡಿದೆ. ಆ ಎರಡು ತಿಂಗಳಲ್ಲಿ ಯಾವತ್ತೂ ಹಾಗೆ ನೋಡಿರಲಿಲ್ಲ. ಹೇಳು, ಎಂದುಕೊಂಡೆ. ಏನಾದರೂ ಆಗಲಿ, ಹೇಳಿಬಿಡು.

"ಇವರು... ಡೆಮೊದವರು, ಅಮ್ಮ," ಎಂದ. "ಕಂಪನಿಯಿಂದ ಬಂದದ್ದು. ಮೀನು ಇವರೇ ತಂದದ್ದು, ಡೆಮೊಗೆ."

ಮಷಿನ್ ಗುಂಯ್ ಎನ್ನುತ್ತಿತ್ತು. ಶ್ರೀಮತಿಯಮ್ಮ ಸೆರಗಿನಿಂದ ಮೂಗು ಮುಚ್ಚಿಕೊಳ್ಳಲಿಲ್ಲ. ಅಡುಗೆಕಟ್ಟೆಯ ಕಡೆಗೆ ಮುಖ ತಿರುಗಿಸಿ, ತಮ್ಮ ಹೋಟೆಲ್ಲಿನ ಭಟ್ಟರಿಗೆ ಹೇಳುವ ದನಿಯಲ್ಲಿ, "ಅದೆಂತದ್ದೇ ಇರ್ಲಿ, ತೆಗಿ. ಆಯ್ತು ಅದು. ಇನ್ನೂ ಬಿಟ್ರೆ ಒಣಗ್ತದೆ," ಎಂದರು.

ಟೈಮರಿನಲ್ಲಿ ಇನ್ನೂ ಒಂದು ನಿಮಿಷ ಇತ್ತು. ಆದರೆ ಅಂದಿನ ತುಂಡು ತೆಳು. ಅವರು ಹೇಳಿದ್ದೇ ಸರಿ. ಬೇರೆ ದಿನವಾಗಿದ್ದರೆ ನಾನು ಆ ಹೆಂಗಸಿನ ಕಾಲಿಗೆ ಬೀಳುತ್ತಿದ್ದೆ.

ಚಾಕು ಕೆಳಗಿಟ್ಟೆ. ಕೈ ತೊಳೆದೆ. ಕಂಪನಿಯ ಬ್ಯಾಗಿನಿಂದ ಗುರುತಿನ ಚೀಟಿ ತೆಗೆದು ಕೊರಳಿಗೆ ಹಾಕಿಕೊಂಡೆ. ಡೆಮೊದವಳು ಎಂದ ಮೇಲೆ ಡೆಮೊ ಆಗಲೇಬೇಕಲ್ಲ. "ನಮಸ್ಕಾರ ಅಮ್ಮ," ಎಂದು ಶುರು ಮಾಡಿದೆ. ಬಿಸಿ ಗಾಳಿ ಹೇಗೆ ಸುತ್ತುತ್ತದೆ, ಎಣ್ಣೆ ಎಷ್ಟು ಉಳಿಯುತ್ತದೆ, ಹೃದಯಕ್ಕೆ ಏನು ಒಳ್ಳೆಯದು, ಬುಟ್ಟಿಯನ್ನು ಯಾವುದರಲ್ಲಿ ಉಜ್ಜಬಾರದು, ಒಂದೂ ಬಿಡದೆ ಹನ್ನೆರಡು ನಿಮಿಷ ಹೇಳಿದೆ. ತಾಯಿ ಮಗ ಇಬ್ಬರೂ ನಿಂತು ಕೇಳಿದರು. ಕೊನೆಗೆ ಫಾರ್ಮ್ ತೆಗೆದು ಅವನ ಮುಂದೆ ಇಟ್ಟೆ.

"ಇಲ್ಲಿ ಸೈನ್ ಮಾಡಿ ಸರ್. ಗ್ರಾಹಕರ ಸಮಸ್ಯೆ ಪರಿಹಾರವಾಗಿದೆ ಅಂತ."

ಈಗಲಾದರೂ ಪೆನ್ನು ಬಿಸಾಡುತ್ತಾನೆ ಎಂದುಕೊಂಡಿದ್ದೆ. ಆ ಮನುಷ್ಯ ಸೈನ್ ಮಾಡಿದ. ತಾರೀಖನ್ನೂ ಹಾಕಿದ.

ಲಿಫ್ಟಿಗೆ ಕಾಯಲಿಲ್ಲ. ಒಂಬತ್ತು ಮಹಡಿ ಇಳಿದೆ. ರಸ್ತೆಗೆ ಬಂದ ಮೇಲೆ ಅಳು ಬಂತು.

*

ಹನ್ನೆರಡು ದಿನ ಅವನ ಫೋನ್ ತೆಗೆಯಲಿಲ್ಲ. "ನಿಮ್ಮ ಟಿಕೆಟ್ ಕ್ಲೋಸ್ ಆಗಿದೆ" ಎಂದು ಒಂದೇ ಒಂದು ಮೆಸೇಜ್ ಹಾಕಿದೆ. ಅಮ್ಮ ಮೊದಲೆರಡು ದಿನ ಏನೂ ಕೇಳಲಿಲ್ಲ. ಮೂರನೆಯ ದಿನ ಬಂಗುಡೆ ಸಾರು ಬಡಿಸಿ, ಪಕ್ಕದಲ್ಲಿ ಕುಳಿತು, "ಅವ ಕೆಟ್ಟವನಾ?" ಎಂದು ಕೇಳಿದರು.

"ಕೆಟ್ಟವನಲ್ಲ. ಹೆದರುಪುಕ್ಕಲ."

"ಕೆಟ್ಟವನಾದ್ರೆ ಸುಲಭ ಇತ್ತು," ಎಂದರು ಅಮ್ಮ.

ಹನ್ನೆರಡನೆಯ ದಿನ ಭಾನುವಾರ. ಡೊಂಬಿವಲಿಯ ಕನ್ನಡ ಮಹಿಳಾ ಮಂಡಳಿಯಲ್ಲಿ ನಾಲ್ಕು ಗಂಟೆಗೆ ಡೆಮೊ ಎಂದು ಆಫೀಸಿನಿಂದ ಬಂದಿತ್ತು. ಮೂವತ್ತು ಜನ, ಎಣ್ಣೆ ಇಲ್ಲದ ತರಕಾರಿ ಕಟ್ಲೆಟ್. ಹೋಗಿ ಮಷಿನ್ ಜೋಡಿಸಿ ತಲೆ ಎತ್ತಿದರೆ ಎರಡನೆಯ ಸಾಲಿನಲ್ಲಿ ಶ್ರೀಮತಿಯಮ್ಮ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ನನ್ನನ್ನೇ ನೋಡುತ್ತಿದ್ದರು. ಕಾರ್ಯದರ್ಶಿ ಶ್ರೀಲಕ್ಷ್ಮಿ ನನ್ನ ಪರಿಚಯ ಹೇಳಿದರು. ನಾನು ಕಟ್ಲೆಟ್ ತಟ್ಟಿ ಬುಟ್ಟಿಗಿಟ್ಟು, ಸಮಯ ಹೊಂದಿಸಿ, ಎಣ್ಣೆಯ ಬಗ್ಗೆ ಮಾತು ತೆಗೆದೆ.

ಆಗ ಸಭಾಂಗಣದ ಬಾಗಿಲು ದಡಕ್ಕೆಂದು ತೆರೆಯಿತು. ಸುಮುಖ. ಶರ್ಟು ಬೆವರಿನಲ್ಲಿ ಮೈಗೆ ಅಂಟಿತ್ತು.

"ಮೆಗಾಬ್ಲಾಕ್, ರೈಲೇ ಇಲ್ಲ," ಎಂದ ಏದುಸಿರು ಬಿಡುತ್ತ, ಯಾರಿಗೆಂದು ಗೊತ್ತಿಲ್ಲ. "ಥಾಣೆವರೆಗೆ ಬಸ್ಸಿನಲ್ಲಿ ಬಂದೆ."

"ಇದು ಹೆಂಗಸರ ಕಾರ್ಯಕ್ರಮ," ಎಂದರು ಶ್ರೀಲಕ್ಷ್ಮಿ.

"ಐದು ನಿಮಿಷ ಸಾಕು ನನಗೆ."

ನನ್ನ ಕಟ್ಲೆಟ್ಟಿಗೆ ಉಳಿದಿದ್ದದ್ದು ನಾಲ್ಕು ನಿಮಿಷ. ಮಧ್ಯದಲ್ಲಿ ಒಮ್ಮೆ ತಿರುಗಿಸಬೇಕು. ಈ ಮನುಷ್ಯನಿಗೆ ಯಾವ ಕೆಲಸಕ್ಕೂ ಸರಿಯಾದ ಹೊತ್ತು ಎಂಬುದು ಇಲ್ಲವೇ ಎಂದು ನನಗೆ ತಲೆ ಕೆಟ್ಟುಹೋಯಿತು. "ಸುಮುಖ, ಹೋಗು," ಎಂದೆ ಹಲ್ಲು ಕಚ್ಚಿ. ಅವನು ಹೋಗಲಿಲ್ಲ. ಮೂವತ್ತು ಹೆಂಗಸರ ಕಡೆಗೆ ತಿರುಗಿ ನಿಂತ.

"ನಾನು ಶ್ರೀಮತಿಯವರ ಮಗ. ಹನ್ನೆರಡು ದಿನದ ಹಿಂದೆ ನನ್ನ ಮನೆಯಲ್ಲಿ ಇವರನ್ನ ಅಮ್ಮನಿಗೆ ಡೆಮೊದವರು ಅಂತ ಹೇಳಿದೆ. ಮೀನು ಇವರೇ ತಂದದ್ದು ಅಂತ ಹೇಳಿದೆ. ಎರಡೂ ಸುಳ್ಳು. ಮೀನು ತಂದದ್ದು ನಾನು, ಬೇಯಿಸಿದ್ದು ನಾನು. ಇವಳಿಗೆ. ಮೂರು ತಿಂಗಳಿಂದ." ಮುಖದ ಬೆವರು ಒರೆಸಿಕೊಂಡ. "ಹೆದರಿಕೆ ಆಯ್ತು. ಬೇರೆ ಕಾರಣ ಎಂತದ್ದೂ ಇಲ್ಲ. ನಿನ್ನೆ ಅಪ್ಪ ಅಮ್ಮನ ಹತ್ರ ಎಲ್ಲ ಹೇಳಿದೆ. ಅಪ್ಪ ನನ್ನ ಹತ್ರ ಮಾತು ಬಿಟ್ಟಿದ್ದಾರೆ. ಇವಳು ಮಲ್ಪೆ ಕಡೆಯ ಮೊಗವೀರರ ಹುಡುಗಿ, ಮೀನು ತಿಂತಾಳೆ, ಇನ್ನು ಮುಂದೆಯೂ ತಿಂತಾಳೆ. ನಾನು ತಿನ್ನೂದಿಲ್ಲ. ನನಗೆ ಇವಳನ್ನೇ ಮದುವೆ ಆಗ್ಬೇಕು. ಇವಳು ಒಪ್ತಾಳಾ ಗೊತ್ತಿಲ್ಲ. ಒಪ್ಪದೆ ಇದ್ರೆ ಅದು ನನ್ನದೇ ತಪ್ಪು. ಅಷ್ಟೇ."

ಎಷ್ಟೋ ಜನ ಶ್ರೀಮತಿಯಮ್ಮನ ಮುಖ ನೋಡಿದರು. ಅವರ ಹೋಟೆಲ್ಲಿನಲ್ಲಿ ಊಟ ಮಾಡದವರು ಆ ಮಂಡಳಿಯಲ್ಲಿ ಯಾರೂ ಇರಲಿಲ್ಲ.

ಶ್ರೀಮತಿಯಮ್ಮ ಎದ್ದರು. ಚೀಲವನ್ನು ಪಕ್ಕದವರ ಕೈಗೆ ಕೊಟ್ಟು, ನಿಧಾನವಾಗಿ ವೇದಿಕೆ ಹತ್ತಿ, ನನ್ನ ಕೈಯಲ್ಲಿದ್ದ ಇಕ್ಕಳ ತೆಗೆದುಕೊಂಡರು. ಬುಟ್ಟಿ ಎಳೆದು ಕಟ್ಲೆಟ್‌ಗಳನ್ನು ಒಂದೊಂದಾಗಿ ತಿರುಗಿಸತೊಡಗಿದರು.

"ಮಾತಾಡಿ ನೀವು," ಎಂದರು ನನಗೆ, ತಲೆ ಎತ್ತದೆ. "ಇದನ್ನ ನಾನು ನೋಡ್ಕೊಳ್ತೇನೆ. ಇವತ್ತು ನೀವು ಬರೂದನ್ನ ನಾನೇ ಇವನಿಗೆ ಹೇಳಿದ್ದು. ಸುಳ್ಳು ನನ್ನೆದುರು ಹೇಳಿದ್ದು, ತಿದ್ದೂದೂ ನನ್ನೆದುರೇ ಆಗ್ಬೇಕು ಅಂದೆ. ಮದುವೆಗೆ ನಾನು ಹೂಂ ಅನ್ಲಿಲ್ಲ. ನನ್ನ ಅಡುಗೆಮನೆಗೆ ಮೀನು ಬರ್ಲಿಕ್ಕೂ ಇಲ್ಲ. ಆದ್ರೆ ಮನೆಗೆ ಬಂದವಳಿಗೆ ನಾನೂ ಒಮ್ಮೆ ಸರಿಯಾಗಿ ಮಾಡ್ಲಿಲ್ಲ, ಅದು ನನಗೆ ಗೊತ್ತುಂಟು."

ಕೊನೆಯ ಮಾತನ್ನು ಅವರು ಬಹಳ ಮೆಲ್ಲಗೆ ಹೇಳಿದರು. ನನಗೆ ಮಾತ್ರ ಕೇಳಿಸಿತು.

ಶ್ರೀಲಕ್ಷ್ಮಿಯವರಿಗೆ ಕಾರ್ಯಕ್ರಮ ಕೈತಪ್ಪುತ್ತಿದೆ ಎಂಬ ಚಿಂತೆ. ಮೈಕ್ ನನ್ನ ಮುಂದೆ ಹಿಡಿದು, "ಸಂಜನಾ, ಅಂದ್ರೆ ಇವರು ನಿಮಗೆ... ನಾವು ಎಂತ ತಿಳ್ಕೊಳ್ಬೇಕು?" ಎಂದರು.

ಎಲ್ಲರೂ ನನ್ನನ್ನು ನೋಡಿದರು. ಸುಮುಖ ಕೈಕಟ್ಟಿ ನಿಂತಿದ್ದ. ಕಣ್ಣಿನಲ್ಲಿ ಕೂಡ ಬೇಡಿಕೊಳ್ಳಲಿಲ್ಲ. ಆ ನಗು ಎಲ್ಲಿ ಹೋಗಿತ್ತೋ. ಗ್ರಾಹಕರು, ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಒಂದೇ ಮಾತಿನಲ್ಲಿ ಲೆಕ್ಕ ಚುಕ್ತಾ ಆಗುತ್ತಿತ್ತು, ಒಂಬತ್ತು ಮಹಡಿಯ ಮೆಟ್ಟಿಲನ್ನು ಅವನಿಂದಲೂ ಇಳಿಸಿದ ಹಾಗಾಗುತ್ತಿತ್ತು. ಅವನು ಅದಕ್ಕೂ ಸಿದ್ಧನಾಗಿ ಬಂದಿದ್ದಾನೆ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ನನಗೆ ಅವನ ಮೇಲೆ ಎಷ್ಟು ಸಿಟ್ಟಿತ್ತೋ ಅಷ್ಟೂ ಇನ್ನೂ ಇತ್ತು. ಅದರ ಜೊತೆಗೆ, ಈ ಹನ್ನೆರಡು ದಿನದಲ್ಲಿ ಒಂದು ದಿನವೂ ಅವನನ್ನು ನೆನೆಯದೆ ಊಟ ಮಾಡಿರಲಿಲ್ಲ ಎಂಬುದೂ ಇತ್ತು.

ಮೈಕ್ ಕೈಗೆ ತೆಗೆದುಕೊಂಡೆ.

"ಇವನು ಸುಮುಖ," ಎಂದೆ. "ನನಗೆ ಮೀನು ಬೇಯಿಸಿಕೊಡುವವನು. ನಾನು ಮದುವೆ ಆಗುವವನು."

ಸುಮುಖ ವೇದಿಕೆಯ ಮೆಟ್ಟಿಲ ಮೇಲೆ ಕುಸಿದು ಕುಳಿತ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಅಷ್ಟೂ ಜನರೆದುರು ಬಿಕ್ಕಿ ಬಿಕ್ಕಿ ಅತ್ತ. ಟೈಮರ್ ಸದ್ದು ಮಾಡಿತು. ಮೂವತ್ತು ಜನಕ್ಕೆ ಕಟ್ಲೆಟ್ ಹಂಚಬೇಕಿತ್ತು, ಫಾರ್ಮ್ ತುಂಬಿಸಬೇಕಿತ್ತು, ಐದೂವರೆಗೆ ಕಲ್ಯಾಣದಲ್ಲಿ ಇನ್ನೊಂದು ಡೆಮೊ ಇತ್ತು. ನಾನು ಮೈಕನ್ನು ಶ್ರೀಲಕ್ಷ್ಮಿಯವರ ಕೈಗೆ ಕೊಟ್ಟು, ಹೋಗಿ ಅವನ ಪಕ್ಕದಲ್ಲಿ ಕುಳಿತೆ.